ಹೃದಯದ ಆಪರೇಷನ್ ಆದ ಮೇಲೂ ಆಡಿದ ನ್ವಾಂಕ್ವೊ ಕಾನು: ಮಕ್ಕಳಿಗೂ ಪೋಷಕರಿಗೂ ಏನು ಹೇಳಲಿ?

ಪಿ.ಇ. ಮೇಷ್ಟ್ರು, ದಾವಣಗೆರೆ
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹತ್ತಿರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡದವರು ಶಾಲೆಗೆ ಬಂದು ಮಕ್ಕಳನ್ನ ತಪಾಸಣೆ ಮಾಡಿದಾಗ ಒಬ್ಬ ಹುಡುಗನ ಎದೆಬಡಿತದಲ್ಲಿ ಬೇರೆ ಥರದ ಸದ್ದು ಸಿಕ್ತು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ರೆ ಹೃದಯದ ಕವಾಟದಲ್ಲಿ ದೋಷ. ಆಪರೇಷನ್ ಬೇಕು, ಖರ್ಚು ಯೋಜನೆಯಲ್ಲೇ ಆಗುತ್ತೆ ಅಂತ ಡಾಕ್ಟರ್ ಹೇಳಿದಾರೆ. ಮನೆಯವರು ಮಾತ್ರ ಒಪ್ತಿಲ್ಲ. "ಎದೆ ಸೀಳಿದ ಮೇಲೆ ಹುಡುಗ ಯಾವ ಕೆಲ್ಸಕ್ಕೂ ಬರಲ್ಲ ಸಾರ್, ಇದ್ದಷ್ಟು ದಿನ ಹಿಂಗೇ ಇರ್ಲಿ ಬಿಡ್ರಿ" ಅಂತಾರೆ. ಹುಡುಗ ಫುಟ್‌ಬಾಲ್ ಅಂದ್ರೆ ಪ್ರಾಣ ಬಿಡ್ತಾನೆ. ಈಗ ಆಟ ನಿಲ್ಲಿಸಿದೀನಿ, ಗೆರೆ ಹೊರಗೆ ಕೂತು ನೋಡ್ತಾನೆ.

ಬರೋ ಶನಿವಾರ ಪೋಷಕರನ್ನ ಕರೆಸಿ ನೈಜೀರಿಯಾದ ಫುಟ್‌ಬಾಲ್ ಆಟಗಾರ ಕಾನು ಬಗ್ಗೆ ಮಾತಾಡ್ಬೇಕು ಅಂತಿದೀನಿ. ಗೊತ್ತಿಲ್ಲದವರಿಗೆ ಹೇಳೋದಾದ್ರೆ: 1976ರಲ್ಲಿ ಓವೆರಿಯಲ್ಲಿ ಹುಟ್ಟಿದ. ಹದಿಹರೆಯದಲ್ಲೇ ಹಾಲೆಂಡಿನ ಅಯಾಕ್ಸ್ ಕ್ಲಬ್ ಸೇರಿ 1995ರಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಗೆದ್ದ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಾಯಕನಾಗಿ ಚಿನ್ನ ಗೆದ್ದ. ಅದರ ಬೆನ್ನಿಗೇ ಇಟಲಿಯ ಇಂಟರ್ ಕ್ಲಬ್‌ಗೆ ಸೇರಿದಾಗ ವೈದ್ಯಕೀಯ ಪರೀಕ್ಷೆಯಲ್ಲಿ ಹೃದಯದ ಕವಾಟದ ದೋಷ ಗೊತ್ತಾಯ್ತು. ಇವನ ಆಟ ಮುಗೀತು ಅಂದ್ರು. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಆಪರೇಷನ್ ಆಯ್ತು. 1997ರಲ್ಲಿ ಮತ್ತೆ ಮೈದಾನಕ್ಕಿಳಿದ, 2000ದಲ್ಲಿ ಕಾನು ಹಾರ್ಟ್ ಫೌಂಡೇಶನ್ ಶುರು ಮಾಡಿ ಹೃದಯದ ತೊಂದರೆ ಇರೋ ಆಫ್ರಿಕಾದ ಮಕ್ಕಳಿಗೆ ಆಪರೇಷನ್ ಮಾಡಿಸ್ತಾ ಬಂದ.

ಇದ್ರಲ್ಲಿ ಯಾವುದನ್ನ ಒತ್ತಿ ಹೇಳ್ಲಿ, ಯಾವುದನ್ನ ಬಿಡ್ಲಿ? "ನಿಮ್ಮ ಹುಡುಗನೂ ಆಡ್ಬಹುದು" ಅಂತ ಹೇಳೋದು ಸರೀನಾ? ತಿಳಿದವರು ಹೇಳಿ.

ಬೆಣ್ಣೆನಗರಿ ಗನ್ನರ್
ಮೇಷ್ಟ್ರೇ, ಕೈ ಮುಗಿದೆ. ಕಾನು ಆಮೇಲೆ ಆಡಿದ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ಗೆ ನಾನು ಅಭಿಮಾನಿ ಆಗಿದ್ದೇ ಅವನಿಂದ. ಮೊದಲು ಚೆಲ್ಸಿ ಮ್ಯಾಚ್ ತೋರಿಸಿ. 1999ರ ಅಕ್ಟೋಬರ್, ಸ್ಟ್ಯಾಮ್‌ಫರ್ಡ್ ಬ್ರಿಜ್, ಸುರಿಯೋ ಮಳೆ, ಆರ್ಸೆನಲ್ 2-0 ಹಿಂದೆ. ಕೊನೇ ಕಾಲು ಗಂಟೆಯಲ್ಲಿ ಕಾನು ಒಬ್ಬನೇ ಮೂರು ಗೋಲು ಹೊಡೆದ. ಮೂರನೇದಂತೂ ಎಡಗಡೆ ಗೋಲ್‌ಲೈನ್ ಹತ್ರ, ಗೋಲ್‌ಕೀಪರ್ ಮುಂದೆ ಬಂದುಬಿಟ್ಟಿದ್ದಾನೆ, ಕಾನು ಅವನನ್ನ ದಾಟಿ, ಕೋನವೇ ಇಲ್ಲದ ಜಾಗದಿಂದ ಚೆಂಡನ್ನ ತಿರುಗಿಸಿ ಒಳಗೆ ಹಾಕ್ದ. ಒಳಗೆ ನಿಂತಿದ್ದ ಡಿಫೆಂಡರ್‌ಗಳ ತಲೆ ಮೇಲಿಂದ! ಎದೆ ಆಪರೇಷನ್ ಆಗಿ ಮೂರು ವರ್ಷವೂ ತುಂಬಿರಲಿಲ್ಲ. ಇದನ್ನ ನೋಡಿದ ಮೇಲೆ "ಯಾವ ಕೆಲ್ಸಕ್ಕೂ ಬರಲ್ಲ" ಅನ್ನೋ ಮಾತು ಯಾರ ಬಾಯಲ್ಲೂ ಬರಲ್ಲ.

ದುರ್ಗದ ಹುಡುಗ
1995ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದಿದ್ದೂ ಕಾನುವೇ ಅಲ್ವಾ? ಅದನ್ನೂ ಸೇರಿಸಿ ಸಾರ್.

ಹಳೇ ಗೋಲ್‌ಕೀಪರ್
ಅಲ್ಲ ತಮ್ಮಾ. ಮಿಲಾನ್ ಎದುರು ಆ ಗೋಲು ಹೊಡೆದಿದ್ದು ಪ್ಯಾಟ್ರಿಕ್ ಕ್ಲೈವರ್ಟ್, 85ನೇ ನಿಮಿಷ. ಕಾನು ಸೆಕೆಂಡ್ ಹಾಫ್‌ನಲ್ಲಿ ಸೀಡಾರ್ಫ್ ಬದಲಿಗೆ ಇಳಿದಿದ್ದ. ಇಬ್ಬರೂ ಬೆಂಚಿಂದ ಬಂದ ಹದಿನೆಂಟರ ಹುಡುಗರೇ.

ಮೇಷ್ಟ್ರೇ, ನನ್ನ ಕೇಳಿದ್ರೆ ಅಟ್ಲಾಂಟಾ ಸೆಮಿಫೈನಲ್ ಹೇಳಿ. ಎದುರಿಗೆ ಬ್ರೆಜಿಲ್: ರೊನಾಲ್ಡೊ, ಬೆಬೆಟೊ, ರಾಬರ್ಟೊ ಕಾರ್ಲೋಸ್, ಗೋಲಲ್ಲಿ ಡಿಡಾ. ನೈಜೀರಿಯಾ 3-1 ಹಿಂದೆ ಇತ್ತು. 3-2 ಆಯ್ತು. ಕೊನೇ ಗಳಿಗೆಯಲ್ಲಿ ಗೋಲಿನ ಕಡೆ ಬೆನ್ನು ಹಾಕಿ ನಿಂತಿದ್ದ ಕಾನು ಚೆಂಡನ್ನ ಕಾಲ್ತುದಿಯಲ್ಲಿ ಮೇಲಕ್ಕೆತ್ತಿ, ತಿರುಗಿ ಬಾರಿಸ್ದ. 3-3. ಎಕ್ಸ್‌ಟ್ರಾ ಟೈಮ್ ಶುರುವಾಗಿ ನಾಲ್ಕೇ ನಿಮಿಷಕ್ಕೆ ಗೋಲ್ಡನ್ ಗೋಲೂ (ಹೊಡೆದ ತಕ್ಷಣ ಪಂದ್ಯ ಮುಗಿಸೋ ಗೋಲು) ಅವನದ್ದೇ. ಫೈನಲ್‌ನಲ್ಲಿ ಅರ್ಜೆಂಟೀನಾನ 3-2ರಿಂದ ಸೋಲಿಸಿದ್ರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಆಫ್ರಿಕಾ ದೇಶವೊಂದಕ್ಕೆ ಅದೇ ಮೊದಲ ಚಿನ್ನ. ಇಷ್ಟನ್ನೂ ಅವನು ಆಡಿದ್ದು ಕೆಟ್ಟ ಕವಾಟ ಎದೆಯಲ್ಲಿಟ್ಕೊಂಡು! ಗೊತ್ತಿಲ್ಲದೇ ಆಡಿದ. ಪೋಷಕರಿಗೆ ಮುಟ್ಟಬೇಕಾದ್ದು ಇದು. ಮೇಲೆ ನೋಡೋಕೆ ಚೆನ್ನಾಗೇ ಇದಾನೆ ಅಂತ ಸುಮ್ಮನಿರೋ ಹಾಗಿಲ್ಲ.

ಸ್ಟಾಫ್ ನರ್ಸ್, ಹರಿಹರ
ಹಿರಿಯರು ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ ಮೇಷ್ಟ್ರೇ, "ನಿಮ್ಮ ಹುಡುಗನೂ ಆಡ್ತಾನೆ" ಅಂತ ಮಾತ್ರ ಮಾತು ಕೊಡ್ಬೇಡಿ. ಕಾರ್ಡಿಯಾಕ್ ವಾರ್ಡಿನಲ್ಲಿ ಕೆಲಸ ಮಾಡಿದವಳಾಗಿ ಹೇಳ್ತಿದೀನಿ.

ಹೃದಯದ ದೋಷ ಅಂದ್ರೆ ಎಲ್ಲಾ ಒಂದೇ ಅಲ್ಲ. ಎರಡು ಕೋಣೆ ನಡುವಿನ ಗೋಡೆಯಲ್ಲಿ ತೂತಿದ್ರೆ ಕೆಲವು ಮಕ್ಕಳಿಗೆ ಎದೆ ತೆರೆಯೋದೇ ಬೇಡ, ತೊಡೆ ಹತ್ತಿರದ ರಕ್ತನಾಳದ ಮೂಲಕ ಒಂದು ಬಟನ್ ಥರದ್ದು ಕಳಿಸಿ ಮುಚ್ತಾರೆ. ಕವಾಟ ಆದ್ರೆ ಇದ್ದದ್ದನ್ನೇ ರಿಪೇರಿ ಮಾಡೋಕೆ ನೋಡ್ತಾರೆ, ಆಗದಿದ್ರೆ ಬದಲಾಯಿಸ್ತಾರೆ. ಲೋಹದ ಕವಾಟ ಹಾಕಿದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ಜೀವನಪೂರ್ತಿ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸ್ಬೇಕು. ಆ ಮಾತ್ರೆ ತಗೊಳ್ಳೋರು ಮೈಗೆ ಮೈ ತಾಗೋ ಆಟ ಆಡೋ ಹಾಗಿಲ್ಲ, ಪೆಟ್ಟು ಬಿದ್ರೆ ಒಳಗೆ ರಕ್ತಸ್ರಾವ ಆಗುತ್ತೆ. ಹುಡುಗ ಮತ್ತೆ ಫುಟ್‌ಬಾಲ್ ಆಡ್ಬಹುದಾ ಅಂತ ಹೇಳೋರು ಅವನ ರಿಪೋರ್ಟ್ ನೋಡಿದ ಹೃದ್ರೋಗ ತಜ್ಞರು ಮಾತ್ರ.

ನೀವು ಹೇಳ್ಬೇಕಾದ್ದು ಇಷ್ಟೇ: ಸಕಾಲಕ್ಕೆ ಆಪರೇಷನ್ ಆದ್ರೆ ಅವನು ಓದ್ತಾನೆ, ದುಡೀತಾನೆ, ಸಂಸಾರ ಮಾಡ್ತಾನೆ. ತಡ ಮಾಡಿದ್ರೆ ಹೃದಯ ಹಿಗ್ಗುತ್ತೆ. ಆಮೇಲೆ ಡಾಕ್ಟರ್ ಕೈಲೂ ಇರಲ್ಲ.

ಬೆಣ್ಣೆನಗರಿ ಗನ್ನರ್
ಸಿಸ್ಟರ್, ನೀವು ಹೇಳೋದು ಒಪ್ತೀನಿ. ಆದ್ರೂ ಮಕ್ಕಳಿಗೆ ಆಸೆ ಅನ್ನೋದು ಬೇಡ್ವಾ? ಕಾನುಗೂ ಆಗಲ್ಲ ಅಂತಾನೇ ಹೇಳಿದ್ರು. ಆಮೇಲೆ ಆರ್ಸೆನಲ್ ಜೊತೆ ಎರಡು ಲೀಗ್ ಗೆದ್ದ, ಅದ್ರಲ್ಲಿ 2003-04ರದ್ದು ಒಂದೂ ಮ್ಯಾಚ್ ಸೋಲದ ಸೀಸನ್. 2008ರ ಎಫ್‌ಎ ಕಪ್ ಫೈನಲ್‌ನಲ್ಲಿ ಪೋರ್ಟ್ಸ್‌ಮತ್ ಪರ ಇದ್ದ ಒಂದೇ ಗೋಲು ಅವನದ್ದು. 1999ರಲ್ಲಿ ಎರಡನೇ ಸಲ ಆಫ್ರಿಕಾದ ವರ್ಷದ ಆಟಗಾರ. 2010ರ ವಿಶ್ವಕಪ್‌ವರೆಗೂ ಆಡಿದ. "ಆಗಲ್ಲ" ಅಂದೋರ ಮಾತು ಕೇಳಿ ಕೂತಿದ್ರೆ?

ಸ್ಟಾಫ್ ನರ್ಸ್, ಹರಿಹರ
ಅವನು ಡಾಕ್ಟರ್ ಮಾತು ಮೀರಿ ಆಡಲಿಲ್ಲ ತಮ್ಮಾ, ಡಾಕ್ಟರ್ ಹತ್ತಿರ ಹೋಗಿ ಸರಿ ಮಾಡಿಸ್ಕೊಂಡು, ಅವರು ಆಡು ಅಂದ ಮೇಲೆ ಆಡಿದ. 2014ರಲ್ಲಿ ಮತ್ತೊಂದು ಸಲ ಅಮೆರಿಕಕ್ಕೆ ಹೋಗಿ ಹೃದಯದ ಚಿಕಿತ್ಸೆ ಮಾಡಿಸ್ಕೊಂಡಿದಾನೆ. ಒಂದ್ಸಲ ಆಪರೇಷನ್ ಆದ್ರೆ ಮುಗೀತು ಅಂತಿಲ್ಲ, ವರ್ಷಾ ವರ್ಷಾ ತೋರಿಸ್ತಿರಬೇಕು. ಇದನ್ನೂ ಪೋಷಕರಿಗೆ ಹೇಳಿ ಮೇಷ್ಟ್ರೇ, ಮುಚ್ಚಿಡ್ಬೇಡಿ. ಆಮೇಲೆ ಗೊತ್ತಾದ್ರೆ ನಿಮ್ಮ ಮೇಲಿನ ನಂಬಿಕೆಯೇ ಹೋಗುತ್ತೆ.

ಜಗಳೂರು ಜಗ್ಗ
ಆಪರೇಷನ್‌ಗೆ ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆ ಐತಲ್ಲ, ಅದ್ರಲ್ಲಿ ಮಾಡಿಸಿ.

ಸ್ಟಾಫ್ ನರ್ಸ್, ಹರಿಹರ
ಅದು ಬೇರೆ. ಪುನೀತ್ ಹೆಸರಿನ ಯೋಜನೆ ಹೃದಯಾಘಾತದ ತುರ್ತು ಚಿಕಿತ್ಸೆಗೆ. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದೋರಿಗೆ ಇಸಿಜಿ ಮಾಡಿ, ಬೇಕಾದ್ರೆ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಅಲ್ಲೇ ಕೊಡೋದು. ಮಕ್ಕಳಿಗೆ ಇರೋದು ಆರ್‌ಬಿಎಸ್‌ಕೆ. ಹುಟ್ಟಿದ ಮಗುವಿಂದ ಹದಿನೆಂಟು ವರ್ಷದವರೆಗೆ. ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ತಂಡ ಬರುತ್ತೆ.

ಜಗಳೂರು ಜಗ್ಗ
ಥ್ಯಾಂಕ್ಸ್ ಅಕ್ಕ. ಅಪ್ಪು ಹೋದಾಗ ನಮ್ಮೂರಲ್ಲೂ ಎಲ್ರೂ ಇಸಿಜಿ ಮಾಡಿಸೋಕೆ ಓಡಿದ್ವಿ. ಮಕ್ಕಳದ್ದು ಯಾರೂ ಯೋಚ್ನೆ ಮಾಡ್ಲಿಲ್ಲ.

ಹೊಳಲ್ಕೆರೆ ಅಡಿಕೆ
ನನ್ನ ಚಿಕ್ಕಪ್ಪನ ಮಗನದ್ದು ಹೇಳ್ತೀನಿ. ಚಿಕ್ಕವರಿದ್ದಾಗ ಓಡಾಡೋ ಆಟ ಆಡ್ತಾ ಇರೋವಾಗ ಇದ್ದಕ್ಕಿದ್ದ ಹಾಗೆ ಕುಕ್ಕರಗಾಲಲ್ಲಿ ಕೂತುಬಿಡೋನು. ಮಂಡಿ ಎದೆಗೆ ಒತ್ಕೊಂಡು, ತಲೆ ತಗ್ಗಿಸ್ಕೊಂಡು ಹಾಗೇ ಸ್ವಲ್ಪ ಹೊತ್ತು. ಮತ್ತೆ ಎದ್ದು ಓಡೋನು. ಉಗುರು, ತುಟಿ ನೇರಳೆಹಣ್ಣು ತಿಂದ ಹಾಗೆ ಇರೋದು. ಸೋಮಾರಿ ಅಂತ ರೇಗಿಸ್ತಿದ್ವಿ. ಶಾಲೆಗೆ ಬಂದ ಡಾಕ್ಟರಮ್ಮ ಒಬ್ರು ಅವನು ಕೂತಿದ್ದನ್ನ ದೂರದಿಂದ್ಲೇ ನೋಡಿ, ಕರೆದು, ಬೆರಳ ತುದಿ ಒತ್ತಿ ನೋಡಿ, ಅವತ್ತೇ ಚೀಟಿ ಬರ್ಕೊಟ್ರು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರೋ ಸತ್ಯಸಾಯಿ ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು. ಅಲ್ಲಿ ಬಿಲ್ ಕಟ್ಟೋ ಕೌಂಟರ್ರೇ ಇಲ್ಲ. ಇವತ್ತು ಅಡಿಕೆ ವ್ಯಾಪಾರ ಮಾಡ್ಕೊಂಡು, ಎರಡು ಮಕ್ಕಳ ತಂದೆ.

ಮೇಷ್ಟ್ರೇ, ಆಟದ ಮಧ್ಯೆ ಹಾಗೆ ಕುಕ್ಕರು ಕೂರೋ ಮಗು ಕಂಡ್ರೆ ಬೈಯಬೇಡಿ ಅಂತ ಎಲ್ಲಾ ಪಿ.ಇ. ಮೇಷ್ಟ್ರುಗಳಿಗೂ ಹೇಳಿ.

ಸ್ಟಾಫ್ ನರ್ಸ್, ಹರಿಹರ
ಇದು ತುಂಬಾ ಮುಖ್ಯ. ಹಾಗೆ ಕೂತಾಗ ಶ್ವಾಸಕೋಶದ ಕಡೆ ರಕ್ತ ಹೆಚ್ಚು ಹೋಗುತ್ತೆ, ಮಗುವಿಗೆ ಹಾಯೆನಿಸುತ್ತೆ. ಅದಕ್ಕೆ ಯಾರೂ ಹೇಳ್ಕೊಡ್ಬೇಕಿಲ್ಲ, ತಾನಾಗೇ ಕಂಡ್ಕೊಳ್ಳುತ್ತೆ.

ಕೆ.ಟಿ.ಜೆ. ನಗರ ನಾಗ
ಎಲ್ಲಾ ಚೆನ್ನಾಗಿದೆ, ಒಂದು ಮಾತು ಕೇಳ್ತೀನಿ. ಕೋಟಿ ಕೋಟಿ ಎಣಿಸೋ ಆಟಗಾರರು ಫೌಂಡೇಶನ್ ಮಾಡೋದೇನು ದೊಡ್ಡ ವಿಷಯ? ಹೆಸರಿಗೆ ಮಾಡ್ತಾರೆ. ಬಲಗೈಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರ್ದು ಅಂತಾರೆ ನಮ್ಮ ಹಿರಿಯರು. ಇನ್ನು ಮಕ್ಕಳ ಆಪರೇಷನ್ ಮಾಡಿಸೋದು ಸರ್ಕಾರದ ಕೆಲಸ. ಫುಟ್‌ಬಾಲ್ ಆಡೋನನ್ನ ದೇವರು ಮಾಡಿ ಕೂರಿಸಿದ್ರೆ ಸರ್ಕಾರವನ್ನ ಕೇಳೋರು ಯಾರು?

ಹಳೇ ಗೋಲ್‌ಕೀಪರ್
ಸರ್ಕಾರ ಮಾಡ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನಾಗಣ್ಣ, ಒಂದು ನೋಡು. 1989ರಲ್ಲಿ ಲಾಗೋಸ್‌ನಲ್ಲಿ ಅಂಗೋಲಾ ಎದುರು ವಿಶ್ವಕಪ್ ಅರ್ಹತಾ ಪಂದ್ಯ. ನೈಜೀರಿಯಾದ ಸ್ಯಾಮ್ಯುಯೆಲ್ ಒಕ್ವರಾಜಿ ಆಡ್ತಾ ಆಡ್ತಾ ಕುಸಿದು ಸತ್ತ. ಇಪ್ಪತ್ತೈದು ವರ್ಷ, ಕಾನೂನು ಓದಿದ ಹುಡುಗ. ಹೃದಯ ಹಿಗ್ಗಿತ್ತು ಅಂತ ಆಮೇಲೆ ಗೊತ್ತಾಯ್ತು. ಆಗ ಕಾನುಗೆ ಹದಿಮೂರು. ತನ್ನ ದೇಶದಲ್ಲಿ ಅಂಥ ಸಾವು ಆಗಿದ್ದು ಗೊತ್ತಿರೋನು, ತಾನು ಉಳಿದ ಮೇಲೆ ಬೇರೆಯವರ ಮಕ್ಕಳ ಕಡೆ ತಿರುಗಿ ನೋಡಿದಾನೆ. ಫೌಂಡೇಶನ್ ಶುರು ಮಾಡಿದ್ದು ಆಟ ಬಿಟ್ಟ ಮೇಲೆ ಹೊತ್ತು ಹೋಗದೇ ಅಲ್ಲ, ಇಪ್ಪತ್ನಾಲ್ಕನೇ ವಯಸ್ಸಲ್ಲಿ, ಆರ್ಸೆನಲ್‌ನಲ್ಲಿ ಆಡ್ತಾ ಇದ್ದಾಗಲೇ. ಹೆಸರಿಗೆ ಮಾಡೋನು ಒಂದು ಚೆಕ್ ಕೊಟ್ಟು ಫೋಟೋ ತೆಗೆಸ್ಕೊಂಡು ಹೋಗ್ತಾನೆ, ಇಷ್ಟು ವರ್ಷ ಹಿಡಿದು ನಡೆಸಲ್ಲ.

ಚಳ್ಳಕೆರೆ ಎಕ್ಸ್‌ಪ್ರೆಸ್
ಸಾಡಿಯೊ ಮಾನೆನೂ ಸೇರಿಸಿ. ಸೆನೆಗಲ್‌ನ ಬಂಬಾಲಿ ಅನ್ನೋ ಹಳ್ಳಿಯವನು. ಅಪ್ಪ ತೀರ್ಕೊಂಡಾಗ ಅವನಿಗೆ ಏಳು ವರ್ಷ, ಊರಲ್ಲಿ ಆಸ್ಪತ್ರೆನೇ ಇರ್ಲಿಲ್ಲ. ಲಿವರ್‌ಪೂಲ್‌ಗೆ ಹೋಗಿ 2019ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ, ಅದೇ ಊರಿಗೆ ಶಾಲೆ ಕಟ್ಟಿಸ್ದ, ಆಸ್ಪತ್ರೆನೂ ಕಟ್ಟಿಸ್ದ. 2022ರಲ್ಲಿ ಬ್ಯಾಲನ್ ಡಿ'ಓರ್ (ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರನ ಪ್ರಶಸ್ತಿ) ಸಮಾರಂಭದಲ್ಲಿ ಸಮಾಜಸೇವೆಗೆ ಅಂತ ಸಾಕ್ರಟೀಸ್ ಪ್ರಶಸ್ತಿ ಶುರುವಾದಾಗ ಮೊದಲನೇದು ಅವನಿಗೇ.

ದುರ್ಗದ ಹುಡುಗ
ಮಾನೆ ಸೌತಾಂಪ್ಟನ್‌ನಲ್ಲಿದ್ದಾಗ ಆಸ್ಟನ್ ವಿಲ್ಲಾ ಮೇಲೆ ಮೂರು ನಿಮಿಷದೊಳಗೆ ಹ್ಯಾಟ್ರಿಕ್ ಹೊಡೆದಿದ್ದ! 2015.

ಕೆ.ಟಿ.ಜೆ. ನಗರ ನಾಗ
ಚಳ್ಳಕೆರೆ ಅಣ್ಣ, ಮಾನೆ ಮಾಡಿದ್ದು ನನಗೆ ಇನ್ನೂ ಹೆಚ್ಚು ಹಿಡಿಸ್ತು. ಆಸ್ಪತ್ರೆ ಊರಲ್ಲೇ ಇರುತ್ತೆ, ಯಾರು ಬೇಕಾದ್ರೂ ಹೋಗ್ಬಹುದು. ಕಾನುದು ಒಂದೊಂದೇ ಮಗು ಅಷ್ಟೇ. ಲಕ್ಷಾಂತರ ಮಕ್ಕಳಲ್ಲಿ ಯಾರಿಗೆ ಅಂತ ಆರಿಸೋದು?

ಸ್ಟಾಫ್ ನರ್ಸ್, ಹರಿಹರ
ಕಟ್ಟಡ ಕಟ್ಟಿದ ತಕ್ಷಣ ಹೃದಯದ ಆಪರೇಷನ್ ಆಗಲ್ಲ ನಾಗಣ್ಣ. ಮಕ್ಕಳ ಸರ್ಜನ್ ಬೇಕು, ಅರಿವಳಿಕೆಯವರು ಬೇಕು, ಹೃದಯ ನಿಲ್ಲಿಸಿದಾಗ ರಕ್ತ ಓಡಿಸೋ ಮೆಷಿನ್ ನಡೆಸೋರು ಬೇಕು, ಹಗಲೂ ರಾತ್ರಿ ಐಸಿಯು ಸಿಬ್ಬಂದಿ ಬೇಕು. ಅವರನ್ನ ತಯಾರು ಮಾಡೋಕೆ ವರ್ಷಗಳೇ ಹಿಡಿಯುತ್ತೆ. ಅದಕ್ಕೇ ಕಾನು ಫೌಂಡೇಶನ್ ಮಕ್ಕಳನ್ನ ಹೊರದೇಶಕ್ಕೆ ಕಳಿಸಿದ್ದು. ಎಷ್ಟೋ ಮಕ್ಕಳ ಆಪರೇಷನ್ ಆಗಿರೋದು ನಮ್ಮ ಭಾರತದ ಆಸ್ಪತ್ರೆಗಳಲ್ಲೇ. ಇದನ್ನ ಪೋಷಕರಿಗೆ ಹೇಳಿ ಮೇಷ್ಟ್ರೇ. ಆಫ್ರಿಕಾದಿಂದ ವಿಮಾನ ಹತ್ತಿ ಭಾಷೆ ಬರದ ತಾಯಂದಿರು ಮಗು ಎತ್ಕೊಂಡು ನಮ್ಮ ದೇಶಕ್ಕೆ ಬರ್ತಾರೆ. ನಮ್ಮೋರು ದಾವಣಗೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗೋಕೆ ಹಿಂದೇಟು ಹಾಕ್ತಾರೆ.

ಮಂಡಕ್ಕಿ ಮಿರ್ಚಿ
ಸಿಸ್ಟರ್, ಕ್ಷಮಿಸಿ, ಹಿಂದೇಟು ಅನ್ನೋದು ಸುಲಭ. ನನ್ನ ತಂಗಿ ಮಗಳಿಗೂ ಆಪರೇಷನ್ ಆಗಿದೆ, ಆಸ್ಪತ್ರೆಯಲ್ಲಿ ಒಂದು ಪೈಸೆ ತಗೊಳ್ಲಿಲ್ಲ. ಆದ್ರೆ ಅದಕ್ಕೆ ಮೊದಲು ಪರೀಕ್ಷೆಗೆ ಅಂತ ಓಡಾಡಿಸಿದ್ದು, ಆಪರೇಷನ್ ದಿನ ಮುಂದಕ್ಕೆ ಹಾಕಿದ್ದು, ಮಗುಗೆ ನೆಗಡಿ ಅಂತ ವಾಪಸ್ ಕಳಿಸಿದ್ದು, ಇದೆಲ್ಲಾ ಯಾವ ಯೋಜನೆಯಲ್ಲೂ ಬರಲ್ಲ. ಒಳಗೆ ಒಬ್ರಿಗೆ ಮಾತ್ರ ಇರೋಕೆ ಬಿಡ್ತಾರೆ. ಭಾವ ಹೊರಗೆ ಕಾರಿಡಾರಲ್ಲಿ ಪೇಪರ್ ಹಾಸ್ಕೊಂಡು ಮಲಗ್ತಿದ್ರು. ಊಟ, ಬಸ್ಸು, ಆಟೋ. ಹಮಾಲಿ ಕೆಲ್ಸ ಅವರದ್ದು, ಹೋಗದ ದಿನ ಕೂಲಿ ಇಲ್ಲ. ಸಾಲ ಆಗಿದ್ದು ಆಪರೇಷನ್‌ನಿಂದ ಅಲ್ಲ, ಅದರ ಸುತ್ತಲಿನ ಖರ್ಚಿಂದ. ಬಡವರು "ಬೇಡ" ಅಂದಾಗ ಧೈರ್ಯ ಇಲ್ಲ ಅಂತ ತಿಳ್ಕೋಬೇಡಿ. ಮನಸ್ಸಲ್ಲೇ ಲೆಕ್ಕ ಹಾಕಿರ್ತಾರೆ, ಬಾಯಿಬಿಟ್ಟು ಹೇಳಲ್ಲ.

ಪಿ.ಇ. ಮೇಷ್ಟ್ರು, ದಾವಣಗೆರೆ
ಈ ಮಾತು ನನಗೆ ತಟ್ಟಿತು. ಹುಡುಗನ ತಂದೆ ಎಪಿಎಂಸಿಯಲ್ಲಿ ಮೂಟೆ ಹೊರೋರು. ತಾಯಿ ಹೊಲದ ಕೂಲಿ. ಎದೆ ಸೀಳೋ ಭಯ ಮುಂದಿಟ್ಟು ಮಾತಾಡ್ತಾರೆ, ಹಿಂದೆ ಇರೋದು ಇದೇ ಇರ್ಬಹುದು.

ಹೊಳಲ್ಕೆರೆ ಅಡಿಕೆ
ಹಾಗಾದ್ರೆ ನಾವು ಮಾಡ್ಬೇಕಾದ್ದು ಅದೇ. ಆಪರೇಷನ್ ದುಡ್ಡು ನಮ್ಮ ಕೈಲಾಗಲ್ಲ, ಅದು ಬೇಕಾಗೂ ಇಲ್ಲ. ಹೋಗಿ ಬರೋ ಚಾರ್ಜು, ಉಳಿಯೋಕೆ ಜಾಗ, ಆ ದಿನಗಳ ಕೂಲಿ. ಇಷ್ಟು ನಮ್ಮ ಕೈಲಾಗುತ್ತೆ. ಮೊದಲನೇದು ನನ್ನದು ಇರ್ಲಿ.

ಹಳೇ ಗೋಲ್‌ಕೀಪರ್
ದಾವಣಗೆರೆಗೆ ಇದೇನು ಹೊಸದಲ್ಲ. ರಾಜನಹಳ್ಳಿ ಹನುಮಂತಪ್ಪನವರ ಹೆಸರಲ್ಲಿ ಛತ್ರ ಇರೋದು ಯಾಕೆ? ಊರಿಗೆ ಬಂದೋರಿಗೆ ತಲೆ ಮೇಲೊಂದು ಸೂರು ಇರ್ಲಿ ಅಂತ. ಜಿಲ್ಲಾ ಆಸ್ಪತ್ರೆಯನ್ನ ಇವತ್ತಿಗೂ ಎಲ್ರೂ ಚಿಗಟೇರಿ ಆಸ್ಪತ್ರೆ ಅಂತಾನೇ ಕರೆಯೋದು. ಹತ್ತಿ ಗಿರಣಿ ಕಾಲದಲ್ಲಿ ವ್ಯಾಪಾರ ಮಾಡಿ ಗಳಿಸಿದೋರು ಊರಿಗೆ ಕೊಟ್ರು. ನಾಗಣ್ಣ, ಅವರ ಹೆಸರೂ ಗೋಡೆ ಮೇಲಿದೆ. ಹೆಸರು ಇದ್ರೆ ದಾನ ಕೆಟ್ಟುಹೋಗಲ್ಲ.

ಕೆ.ಟಿ.ಜೆ. ನಗರ ನಾಗ
ಅದನ್ನ ಒಪ್ತೀನಿ. ಆದ್ರೂ ಸರ್ಕಾರ ಆಪರೇಷನ್‌ಗೆ ಕೊಡೋ ಹಾಗೆ ಜೊತೆಗೆ ಹೋಗೋರ ಕೂಲಿಗೂ ಕೊಡ್ಬೇಕು. ಈ ಬೇಡಿಕೆ ಬಿಡೋ ಹಾಗಿಲ್ಲ. ನಾನೇ ಅರ್ಜಿ ಬರೀತೀನಿ, ಮೇಷ್ಟ್ರು ಎಸ್‌ಡಿಎಂಸಿ (ಶಾಲಾ ಸಮಿತಿ) ಕಡೆಯಿಂದ ಸಹಿ ಹಾಕಿಸ್ಲಿ. ಹುಡುಗನ ವಿಷಯಕ್ಕೆ ನನ್ನ ಪಾಲೂ ಇರ್ಲಿ.

ಜಗಳೂರು ಜಗ್ಗ
ಮಧ್ಯೆ ಬಾಯಿ ಹಾಕ್ತೀನಿ. ಫುಟ್‌ಬಾಲ್ ಆಡೋಕೆ ಜಾಗ ಎಲ್ಲೈತೆ ಅಂತ? ಹೈಸ್ಕೂಲ್ ಮೈದಾನದಲ್ಲಿ ನೋಡಿದಾಗೆಲ್ಲ ಯಾವುದೋ ಮೇಳ, ಸಮಾವೇಶ. ಮುಗಿದ ಮೇಲೆ ಮೊಳೆ, ಗಾಜು ಚುಚ್ಚುತ್ತೆ.

ದುರ್ಗದ ಹುಡುಗ
ನಮ್ಮಲ್ಲೂ ಹಂಗೇ, ಹಳೇ ಮಾಧ್ಯಮಿಕ ಶಾಲೆ ಮೈದಾನ. ಗೂಟ ಕಿತ್ತ ಗುಂಡಿಗಳನ್ನ ಯಾರೂ ಮುಚ್ಚಲ್ಲ. ಇನ್ನು ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ಶುರುವಾದ್ರೆ ನಮಗೆ ಮೂಲೆಯೇ ಗತಿ.

ಚಳ್ಳಕೆರೆ ಎಕ್ಸ್‌ಪ್ರೆಸ್
ಮೈದಾನಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಮೇಷ್ಟ್ರೇ, ಒಂದು ಸೇರಿಸ್ಬೇಕು. 2004ರ ಡಿಸೆಂಬರ್, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆದು, ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದ, ಉಳೀಲಿಲ್ಲ. 2021ರ ಯೂರೋ ಕಪ್‌ನಲ್ಲಿ ಡೆನ್ಮಾರ್ಕ್‌ನ ಎರಿಕ್ಸನ್ ಕುಸಿದಾಗ ಮೈದಾನದಲ್ಲೇ ಎದೆ ಒತ್ತಿದ್ರು, ಶಾಕ್ ಕೊಡೋ ಮೆಷಿನ್ ಇತ್ತು, ಉಳ್ಕೊಂಡ, ಮರುವರ್ಷ ಮತ್ತೆ ಆಡಿದ. ನಮ್ಮ ಶಾಲೆಗಳಲ್ಲಿ ಮೆಷಿನ್ ಎಲ್ಲಿಂದ ಬರ್ಬೇಕು? ಎದೆ ಒತ್ತೋದಾದ್ರೂ ಕಲಿಯೋಣ.

ಸ್ಟಾಫ್ ನರ್ಸ್, ಹರಿಹರ
ಶನಿವಾರ ನಾನೇ ಬಂದು ತೋರಿಸ್ತೀನಿ. ದೊಡ್ಡ ಮಕ್ಕಳೂ ಕಲೀಬಹುದು. ಕುಸಿದೋನು ಕರೆದ್ರೆ ಓ ಅನ್ನದಿದ್ರೆ, ಉಸಿರಾಟ ಸರಿಯಿಲ್ಲದಿದ್ರೆ ಒಬ್ಬ 108ಕ್ಕೆ ಫೋನ್ ಮಾಡ್ಬೇಕು, ಇನ್ನೊಬ್ಬ ಎದೆ ನಡುವೆ ಅಂಗೈ ಹಿಮ್ಮಡಿ ಇಟ್ಟು, ಮೇಲೊಂದು ಕೈ ಇಟ್ಟು, ತೋಳು ನೆಟ್ಟಗೆ ಮಾಡಿ ಎರಡು ಇಂಚು ಒಳಗೆ ಹೋಗೋ ಹಾಗೆ ಒತ್ತಬೇಕು. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ. ಮುಖಕ್ಕೆ ನೀರು ಚಿಮುಕಿಸೋದು, ಈರುಳ್ಳಿ ಮೂಸಿಸೋದು, ಸುತ್ತ ಮುತ್ತಿಕೊಂಡು ಗಾಳಿ ಬೀಸೋದು, ಇದ್ರಲ್ಲಿ ಹೊತ್ತು ಕಳೀಬಾರ್ದು. ಅಭ್ಯಾಸಕ್ಕೆ ಒಂದು ಗಟ್ಟಿ ದಿಂಬು ಇದ್ರೆ ಸಾಕು.

ಬೆಣ್ಣೆನಗರಿ ಗನ್ನರ್
ಪ್ರೊಜೆಕ್ಟರ್ ನಂದು. ಬ್ರೆಜಿಲ್ ಮ್ಯಾಚ್ ಮೊದಲು, ಚೆಲ್ಸಿ ಆಮೇಲೆ. ನಡುವೆ ಆಪರೇಷನ್ ವಿಷಯ ಸಿಸ್ಟರ್ ಮಾತಾಡ್ಲಿ, ನಾನು ಬಾಯಿ ಹಾಕಲ್ಲ.

ಮಂಡಕ್ಕಿ ಮಿರ್ಚಿ
ನನ್ನ ತಂಗಿನೂ ಮಗಳನ್ನೂ ಕರ್ಕೊಂಡು ಬರ್ತೀನಿ. ಆ ಮಗುನ ನೋಡಿದ್ರೆ ಮನೆಯವರಿಗೆ ಯಾವ ಮಾತೂ ಬೇಕಾಗಲ್ಲ. ಎದೆ ಮೇಲಿನ ಗೀರು ಎಷ್ಟು ಸಣ್ಣದಾಗಿದೆ ಅಂತ ತಾಯಿನೇ ತಾಯಿಗೆ ತೋರಿಸ್ಲಿ.

ಪಿ.ಇ. ಮೇಷ್ಟ್ರು, ದಾವಣಗೆರೆ
ಎಲ್ರಿಗೂ ಎಷ್ಟು ಹೇಳಿದ್ರೂ ಕಡಿಮೆ. ಶನಿವಾರ ಶಾಲೆ ಬಿಟ್ಟ ಮೇಲೆ ಇಟ್ಕೊಂಡಿದೀವಿ. ಈಗಷ್ಟೇ ಮನೆಗೆ ಹೋಗಿ ಬಂದೆ. ಓಡಾಟದ ಖರ್ಚಿನ ವಿಷಯ ನಾನೇ ಎತ್ತಿದೆ. ತಂದೆ ಸುಮಾರು ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಬರ್ತೀವಿ ಸಾರ್" ಅಂದ್ರು. ಅಜ್ಜಿ ಮಾತ್ರ ಬಿಲ್‌ಕುಲ್ ಬೇಡ ಅಂತ ಕೂತಿದಾರೆ.

ಸ್ಟಾಫ್ ನರ್ಸ್, ಹರಿಹರ
ಅಜ್ಜಿನ ಬಿಟ್ಟು ಬರ್ಬೇಡಿ ಮೇಷ್ಟ್ರೇ. ಆಟೋ ಮಾಡಿಸಿ ಕರ್ಕೊಂಡು ಬನ್ನಿ, ಮುಂದಿನ ಸಾಲಲ್ಲಿ ಕೂರಿಸಿ. ನಾನು ಮೊದಲು ಅವರ ಹತ್ತಿರಾನೇ ಮಾತಾಡ್ತೀನಿ. ಎಕೋ ರಿಪೋರ್ಟ್, ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಅವತ್ತೇ ತರೋಕೆ ಹೇಳಿ.